ಹಳೆಯ ಬಾವಿ, ಗುಮ್ಮಟದ ಸುತ್ತ ಉದ್ಯಾನ ಮಾಡುವುದು ಹೇಗೆ: ಕಲಬುರಗಿ ಸೀಮೆಯ ಸ್ವಯಂಸೇವಕರಿಗೆ ಸಮಗ್ರ ಮಾರ್ಗದರ್ಶಿ

ಭಾನುವಾರ ಬೆಳಿಗ್ಗೆ ನಲವತ್ತು ಜನ ಸೇರುತ್ತಾರೆ. ಜೆಸಿಬಿ ಬರುತ್ತದೆ. ಮಧ್ಯಾಹ್ನದೊಳಗೆ ಜಾಲಿ ಕಂಟಿಯೆಲ್ಲ ಬೋಳು, ಸಂಜೆಗೆ ನೂರು ಸಸಿ ನೆಟ್ಟು ಫೋಟೊ. ಮುಂದಿನ ಏಪ್ರಿಲ್‌ನಲ್ಲಿ ಹೋಗಿ ನೋಡಿದರೆ ನೂರರಲ್ಲಿ ಐದಾರು ಸಸಿ ಉಳಿದಿರುತ್ತವೆ. ಜಾಲಿ ಎದೆಯೆತ್ತರ ಚಿಗುರಿರುತ್ತದೆ. ಜೆಸಿಬಿಯ ಹಲ್ಲು ತಾಗಿದ ಕಡೆ ಬಾವಿಯ ಮೆಟ್ಟಿಲಿನ ಎರಡು ಕಲ್ಲು ಕಳಚಿರುತ್ತವೆ.

ಕಲಬುರಗಿ, ಬೀದರ್, ಯಾದಗಿರಿ ಕಡೆಯ ಹುಡುಗರು ನನಗೆ ಫೋನ್ ಮಾಡಿದಾಗಲೆಲ್ಲ ಹೇಳುವುದು ಹೆಚ್ಚುಕಡಿಮೆ ಇದನ್ನೇ. ಅವರ ಉತ್ಸಾಹದಲ್ಲಿ ಕೊರತೆಯಿಲ್ಲ, ತಪ್ಪಿರುವುದು ಕೆಲಸದ ಕ್ರಮ. ಕೊನೆಗೆ ಮಾಡಬೇಕಾದ ಸಸಿ ನೆಡುವ ಕೆಲಸವನ್ನು ಮೊದಲ ದಿನವೇ ಮಾಡುತ್ತಾರೆ. ಮೊದಲು ಆಗಬೇಕಾದ ಕಾಗದಪತ್ರ ಮತ್ತು ಫೋಟೊ ಕೆಲಸ ಯಾವತ್ತೂ ಆಗುವುದಿಲ್ಲ. ಹಾಗಾಗಿ ಕೆಳಗಿನ ಹಂತಗಳನ್ನು ಬರೆದಿರುವ ಸಾಲಿನಲ್ಲೇ ಮಾಡಿ. ಒಂದನ್ನೂ ದಾಟಬೇಡಿ.

ಸಸಿ ನೆಡುವವರೆಗಿನ ಕೆಲಸಕ್ಕೇ ಹೆಚ್ಚುಕಡಿಮೆ ಒಂದು ವರ್ಷ ಬೇಕು, ಆರೈಕೆ ಅದರಾಚೆಗೂ ಇರುತ್ತದೆ. ದಸರೆ ಹೊತ್ತಿಗೆ ಕಾಗದಪತ್ರ ಶುರು ಮಾಡಿ. ನವೆಂಬರ್‌ನಿಂದ ಜನವರಿವರೆಗೆ ಕಂಟಿ ಮತ್ತು ಕಲ್ಲಿನ ಕೆಲಸ, ಏಪ್ರಿಲ್-ಮೇನಲ್ಲಿ ಬಾವಿ ಮತ್ತು ಗುಂಡಿ, ಎರಡು ಹದವಾದ ಮಳೆ ಬಿದ್ದ ಮೇಲೆ ಸಸಿ.

ಹಂತ 1: ಜಾಗ ಯಾರದು ಎಂದು ತಿಳಿಯಿರಿ

ಮೊಬೈಲ್‌ನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಜಾಗದಲ್ಲಿ ನಿಂತರೆ ಸರ್ವೆ ನಂಬರ್ ಸಿಗುತ್ತದೆ. ಅದನ್ನು ಹಿಡಿದು ಪಹಣಿ ತೆಗೆಸಿ. ಊರೊಳಗಿನ ಜಾಗವಾದರೆ ಸಿಟಿ ಸರ್ವೆ ಕಚೇರಿ ಅಥವಾ ಪಾಲಿಕೆಯಲ್ಲಿ ವಿಚಾರಿಸಬೇಕು. ‘ಇದು ಸರ್ಕಾರಿ ಜಾಗ’ ಎಂದು ಓಣಿಯವರು ಹೇಳಿದ ಮಾತಿನ ಮೇಲೆ ಗುದ್ದಲಿ ಎತ್ತಬೇಡಿ. ನಮ್ಮ ಸೀಮೆಯ ಎಷ್ಟೋ ಗೋರಿ, ಗುಮ್ಮಟಗಳು ವಕ್ಫ್ ಆಸ್ತಿ. ಗುಡಿಯ ಪುಷ್ಕರಣಿಯಾದರೆ ಮುಜರಾಯಿಗೆ ಸೇರಿರಬಹುದು. ಹೊಲದ ನಡುವಿನ ಬಾವಿ ಖಾಸಗಿ ಆಗಿರಬಹುದು.

ಆಮೇಲೆ ಸ್ಮಾರಕ ಸಂರಕ್ಷಿತವೇ ಎಂದು ನೋಡಿ. ಕಲಬುರಗಿ ಕೋಟೆ, ಬೀದರ್‌ನ ಮಹಮೂದ್ ಗವಾನ್ ಮದರಸಾದಂಥವು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯವು. ಇನ್ನು ಕೆಲವು ರಾಜ್ಯದ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಯ ಪಟ್ಟಿಯಲ್ಲಿವೆ. ಕೇಂದ್ರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಮತ್ತು ಅದರ 2010ರ ತಿದ್ದುಪಡಿಯ ಪ್ರಕಾರ, ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆಗೆ ಮತ್ತೆ 200 ಮೀಟರ್ ನಿಯಂತ್ರಿತ ಪ್ರದೇಶ. ಆ 100 ಮೀಟರ್ ಒಳಗೆ ಹೊಸ ಕಟ್ಟಡ ಎಬ್ಬಿಸುವಂತಿಲ್ಲ. ಉದ್ಯಾನಕ್ಕೆಂದು ಕಟ್ಟುವ ಮಂಟಪ, ಶೆಡ್ ಕೂಡ ಇದರಲ್ಲಿ ಸಿಕ್ಕಿಬೀಳುತ್ತವೆ. ಸ್ಮಾರಕಕ್ಕೆ ಹಾನಿ ಮಾಡಿದರೆ 2 ವರ್ಷದವರೆಗೆ ಸೆರೆ ಅಥವಾ 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನೀವು ಒಳ್ಳೆಯ ಮನಸ್ಸಿನಿಂದ ಮಾಡಿದಿರಿ ಎನ್ನುವುದು ಮುರಿದ ಕಲ್ಲನ್ನು ಕೂಡಿಸುವುದಿಲ್ಲ.

ಸಂರಕ್ಷಿತ ಸ್ಮಾರಕವಾದರೆ ಇಲಾಖೆಯ ಲಿಖಿತ ಒಪ್ಪಿಗೆ ಇಲ್ಲದೆ ಒಂದು ಹುಲ್ಲು ಕೀಳುವುದೂ ಬೇಡ. ಅಲ್ಲದಿದ್ದರೆ ಜಾಗದ ಒಡೆಯರಿಂದ ಬರಹದಲ್ಲಿ ಅನುಮತಿ ಪಡೆಯಿರಿ. ಅರ್ಜಿಯಲ್ಲಿ ‘ಸ್ವಚ್ಛತೆ ಮಾಡುತ್ತೇವೆ’ ಎಂದಷ್ಟೇ ಬರೆದರೆ ಸಾಲದು. ಎಲ್ಲಿ ಕಂಟಿ ತೆಗೆಯುತ್ತೀರಿ, ಏನನ್ನು ಮುಟ್ಟುವುದಿಲ್ಲ, ಎಷ್ಟು ದಿನ, ಯಾರು ಹೊಣೆ ಎಂಬುದೆಲ್ಲ ಇರಲಿ. ಸ್ವೀಕೃತಿ ಮೊಹರು ಬಿದ್ದ ಪ್ರತಿ ನಿಮ್ಮ ಬಳಿ ಇರಬೇಕು.

ಎಚ್ಚರಿಕೆಯ ಗುರುತು: ‘ಕೆಲಸ ಶುರು ಮಾಡ್ರಿ, ಕಾಗದ ಆಮೇಲೆ ನೋಡೋಣ’ ಎಂದು ಯಾರಾದರೂ ಬಾಯಿಮಾತಿನಲ್ಲಿ ಹೇಳಿದರೆ, ಅಲ್ಲಿಗೇ ನಿಲ್ಲಿಸಿ.

ಹಂತ 2: ಓಣಿಯವರೊಂದಿಗೆ ಕೂತು ಮಾತಾಡಿ

ಪಾಳುಬಿದ್ದ ಜಾಗ ಎಂದು ನಮಗೆ ಕಾಣುವುದು ಅಲ್ಲಿಯವರ ದಿನಬಳಕೆಯ ಜಾಗ. ಯಾರೋ ಆಡು ಕಟ್ಟುತ್ತಾರೆ, ಯಾರೋ ಗುರುವಾರ ಊದುಬತ್ತಿ ಹಚ್ಚುತ್ತಾರೆ, ಯಾರೋ ಹಪ್ಪಳ ಒಣಗಿಸುತ್ತಾರೆ. ಗೋರಿಯಿದ್ದರೆ ಅದನ್ನು ನೋಡಿಕೊಳ್ಳುವ ಮುತವಲ್ಲಿಯನ್ನು, ಗುಡಿಯಿದ್ದರೆ ಪೂಜೆ ಮಾಡುವವರನ್ನು ಮೊದಲು ಕಾಣಿರಿ. ಆಡು ಕಟ್ಟುವವರಿಗೆ ಬೇರೆ ಮೂಲೆ ತೋರಿಸದೆ ಬೇಲಿ ಹಾಕಿದರೆ ಆ ಬೇಲಿ ವಾರದೊಳಗೆ ಒಲೆ ಸೇರುತ್ತದೆ. ಅದರಲ್ಲಿ ಅವರ ತಪ್ಪೇನೂ ಇಲ್ಲ.

ಮುಖ್ಯವಾಗಿ ವಯಸ್ಸಾದವರ ಮಾತು ಕೇಳಿ. ನಾವು ಮೊದಲ ಸಲ ಒಂದು ಬಾವಿಗೆ ಇಳಿಯಲು ಹೊರಟಾಗ ಎದುರು ಮನೆಯ ಅಜ್ಜಿ ಕಟ್ಟೆ ಮೇಲೆ ಕೂತು ಕಡ್ಲಿ ಹಸನ ಮಾಡುತ್ತಿದ್ದರು. ಮೊರ ಕೆಳಗಿಟ್ಟು ಹೇಳಿದರು: “ಯಪ್ಪಾ, ಕಸ ಆಮ್ಯಾಲ ತಗೀರಿ. ಆ ಮ್ಯಾಗಿನ ಓಣಿ ಗಟಾರ ಬಾವ್ಯಾಗ ಬೀಳ್ಲತ್ತದ. ಮೊದ್ಲ ಅದು ನೋಡ್ರಿ.” ಹೋಗಿ ನೋಡಿದೆವು. ಬಾವಿಯ ಪಡುವಣ ಗೋಡೆಯಲ್ಲಿ ಕಂಟಿಯ ಮರೆಗೆ ಪೈಪು ಇತ್ತು, ಅದರ ಕೆಳಗಿನ ಕಲ್ಲಿನ ಮೇಲೆ ಕಪ್ಪು ಲೋಳೆ ಇಳಿದಿತ್ತು. ಅವರು ಹೇಳದಿದ್ದರೆ ತಿಂಗಳ ದುಡಿಮೆ ಒಂದೇ ವಾರದಲ್ಲಿ ಮತ್ತೆ ಕೊಚ್ಚೆಯಾಗುತ್ತಿತ್ತು.

ಹಂತ 3: ಕಸಬರಿಗೆಗಿಂತ ಮೊದಲು ಕ್ಯಾಮೆರಾ

ಒಂದು ಎಲೆಯನ್ನೂ ಕೀಳುವ ಮುನ್ನ ಇಡೀ ಜಾಗವನ್ನು ದಾಖಲಿಸಿ. ಮೊಬೈಲ್ ಸಾಕು. ನಾಲ್ಕೂ ದಿಕ್ಕಿನಿಂದ, ಪ್ರತಿ ಗೋಡೆಗೆ ಎದುರಾಗಿ ನಿಂತು, ಪ್ರತಿ ಬಿರುಕಿಗೆ ಹತ್ತಿರದಿಂದ ತೆಗೆಯಿರಿ. ಅಡಿಗೊಂದು ಕಪ್ಪು-ಬಿಳುಪು ಪಟ್ಟಿ ಬಳಿದ ಕೋಲನ್ನು ಪಕ್ಕದಲ್ಲಿ ನಿಲ್ಲಿಸಿದರೆ ಅಳತೆ ಫೋಟೊದಲ್ಲೇ ಸಿಗುತ್ತದೆ. ಕೋಲು ಗೋಡೆಗೆ ಒರಗದಿರಲಿ. ನಿಂತ ಜಾಗಗಳನ್ನು ಕೈನಕ್ಷೆಯಲ್ಲಿ 1, 2, 3 ಎಂದು ಗುರುತಿಸಿ. ಮುಂದೆ ಪ್ರತಿ ಆರು ತಿಂಗಳಿಗೊಮ್ಮೆ ಅದೇ ಜಾಗದಿಂದಲೇ ಫೋಟೊ ತೆಗೆಯಬೇಕು. ಬಿರುಕು ಬೆಳೆಯುತ್ತಿದೆಯೇ ಎಂದು ತಿಳಿಯಲು ಬೇರೆ ದಾರಿ ನಮ್ಮಂಥವರಿಗಿಲ್ಲ.

ಬಿದ್ದಿರುವ ಕಲ್ಲುಗಳನ್ನು ಬಿದ್ದಲ್ಲೇ ಫೋಟೊ ತೆಗೆದು, ಚೀಟಿ ಸಂಖ್ಯೆ ಕೊಟ್ಟು, ಆಮೇಲಷ್ಟೇ ಬದಿಗಿಡಿ. ‘ಬರೀ ಕಲ್ಲು’ ಎಂದು ಗಿಡದ ಕಟ್ಟೆಗೆ ಬಳಸುವ ಚಾಳಿ ನಮ್ಮಲ್ಲಿ ಬಹಳ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ 1986ರಲ್ಲಿ ಗುಡಿಯ ಚಾವಣಿ ಕುಸಿದಾಗ, ಕಾಳಿ ಮೂರ್ತಿಯ ಪೀಠವಾಗಿ ಬಳಸಿದ್ದ ಕಲ್ಲೇ ಅಶೋಕನ ಶಾಸನ ಎಂದು ಗೊತ್ತಾಯಿತು. ನಿಮ್ಮ ಬಾವಿಯ ಬಟ್ಟೆ ಒಗೆಯುವ ಕಲ್ಲನ್ನು ಮುಟ್ಟುವಾಗಲೂ ಈ ಸಂಗತಿ ನೆನಪಿರಲಿ. ಅಕ್ಷರ ಕಂಡರೆ ಸೀಮೆಸುಣ್ಣ, ಎಣ್ಣೆ, ಅರಿಶಿನ ಏನನ್ನೂ ಬಳಿಯಬೇಡಿ. ಸಂಜೆಯ ಓರೆ ಬೆಳಕಿನಲ್ಲಿ ಫೋಟೊ ತೆಗೆದರೆ ಅಕ್ಷರ ತಾನಾಗಿಯೇ ಎದ್ದು ಕಾಣುತ್ತದೆ.

ಹಂತ 4: ಸಾಮಾನು ಮತ್ತು ತಂಡ

ನಲವತ್ತು ಜನ ಬೇಡ. ವಾರ ತಪ್ಪದೆ ಬರುವ ಹನ್ನೆರಡು ಜನ ಸಾಕು. ಬೇಕಾದವು: ಕುಡಗೋಲು, ಖುರ್ಪಿ, ಕೈಗರಗಸ, ಗುದ್ದಲಿ, ಸಲಿಕೆ, ಪುಟ್ಟಿ, ಜರಡಿ, ತೆಂಗಿನ ನಾರಿನ ಬ್ರಶ್, ಬಿದಿರಿನ ಕಡ್ಡಿ, ದಪ್ಪ ಹಗ್ಗ, ದಪ್ಪ ಕೈಗವಸು, ಮೊಣಕಾಲುದ್ದದ ಗಮ್‌ಬೂಟು, ಹೆಲ್ಮೆಟ್, ಪ್ರಥಮ ಚಿಕಿತ್ಸೆ ಪೆಟ್ಟಿಗೆ. ಹಾರೆ ಗುಂಡಿ ತೋಡಲು ಮಾತ್ರ, ಗೋಡೆಯ ಹತ್ತಿರಕ್ಕೆ ಅದನ್ನು ತರಬೇಡಿ. ತಂತಿ ಬ್ರಶ್, ಆ್ಯಸಿಡ್, ಸಿಮೆಂಟ್, ಪೇಂಟ್, ನೀರು ಚಿಮ್ಮಿಸುವ ಪ್ರೆಷರ್ ಪಂಪ್ ಇವು ಜಾಗದೊಳಗೇ ಬರಬಾರದು. ಯಾರಾದರೂ ದಾನ ಕೊಟ್ಟರೂ ವಾಪಸ್ ಮಾಡಿ.

ಕೆಲಸ ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆವರೆಗೆ. ಇಲ್ಲಿನ ಮೇ ತಿಂಗಳಲ್ಲಿ ಹತ್ತರ ಮೇಲೆ ಕಲ್ಲು ಮುಟ್ಟಲಾಗುವುದಿಲ್ಲ. ಹಾವಿನ ಕಡಿತಕ್ಕೆ ಔಷಧ ಇರುವ ಹತ್ತಿರದ ಆಸ್ಪತ್ರೆ ಯಾವುದು, ಹಾವು ಹಿಡಿಯುವವರ ನಂಬರ್ ಯಾವುದು ಎಂಬುದನ್ನು ಮೊದಲ ದಿನವೇ ಎಲ್ಲರ ಮೊಬೈಲ್‌ಗೆ ಹಾಕಿ. ಗುಮ್ಮಟದ ಅಂಚಿನಲ್ಲಿ ಹೆಜ್ಜೇನು ಇದ್ದರೆ ಹೊಗೆ ಹಾಕಬೇಡಿ, ಅದು ಎದ್ದು ಹೋಗುವವರೆಗೆ ಆ ಬದಿಯ ಕೆಲಸವನ್ನೇ ಮುಂದೂಡಿ.

ಹಂತ 5: ನೀರಿನ ದಾರಿ ಸರಿಪಡಿಸಿ

ಹಳೆಯ ಕಟ್ಟಡವನ್ನು ಬೀಳಿಸುವುದು ವಯಸ್ಸಲ್ಲ, ನೀರು. ಮಳೆಗಾಲದಲ್ಲಿ ಒಂದು ಜೋರು ಮಳೆ ಬರುವಾಗ ಛತ್ರಿ ಹಿಡಿದು ಅಲ್ಲಿ ನಿಂತು ನೋಡಿ: ನೀರು ಎಲ್ಲಿಂದ ಬರುತ್ತದೆ, ಎಲ್ಲಿ ನಿಲ್ಲುತ್ತದೆ. ಪಾಯದ ಬುಡದಲ್ಲಿ ನಿಂತರೆ ಇಳಿಜಾರು ಹೊರಗೆ ಹೋಗುವಂತೆ ಮಣ್ಣನ್ನು ಮೇಲಿಂದ ಮೇಲೆ ಸರಿಸಿ. ಪಾಯದ ಪಕ್ಕ ಕಾಲುವೆ ತೋಡಬೇಡಿ. ಬಾವಿಗೆ ಗಟಾರ ಬೀಳುತ್ತಿದ್ದರೆ ಪಾಲಿಕೆಗೋ ಪಂಚಾಯಿತಿಗೋ ಬರೆದು ತಿರುಗಿಸಿಕೊಳ್ಳಿ. ಅದಾಗುವ ತನಕ ಬಾವಿಗೆ ಇಳಿಯುವ ಮಾತು ಬೇಡ.

ಬೀದರ್‌ನವರಿಗೆ ಒಂದು ವಿಶೇಷ ಮಾತು. ನೌಬಾದ್ ಕಡೆ ನೆಲದಲ್ಲಿ ಆಳದ ಬಾಯಿ ಕಂಡರೆ ಅದು ಬಾವಿಯೇ ಆಗಿರಬೇಕಿಲ್ಲ, ಕಾರೇಜ್ ಅಂದರೆ ಸುರಂಗ ಬಾವಿಯ ಗಾಳಿಕಿಂಡಿ ಇರಬಹುದು. ಅದಕ್ಕೆ ಮಣ್ಣು, ಕಟ್ಟಡದ ಕಸ ತುಂಬಿದರೆ ನೆಲದಡಿಯ ಇಡೀ ಕಾಲುವೆ ಕಟ್ಟಿಕೊಳ್ಳುತ್ತದೆ. ಸುತ್ತ ಬೇಲಿ ಹಾಕಿ, ಜಿಲ್ಲಾಡಳಿತಕ್ಕೆ ತಿಳಿಸಿ. ಒಳಗೆ ಇಳಿಯಬೇಡಿ.

ಹಂತ 6: ಕಂಟಿ ಮತ್ತು ಗೋಡೆಯ ಗಿಡ

ನೆಲದ ಮೇಲಿನ ಬಳ್ಳಾರಿ ಜಾಲಿಯನ್ನು ಕೊಯ್ದರೆ ಸಾಯುವುದಿಲ್ಲ, ಹೆಚ್ಚು ಕೊಂಬೆಯಾಗಿ ಬರುತ್ತದೆ. ಬುಡದ ಸುತ್ತ ಒಂದಡಿ ಮಣ್ಣು ಬಿಡಿಸಿ, ಚಿಗುರೊಡೆಯುವ ಗಂಟಿನ ಕೆಳಗೆ ಕತ್ತರಿಸಿ. ಇದನ್ನು ಸ್ಮಾರಕದಿಂದ ದೂರದಲ್ಲಿ ಮಾತ್ರ ಮಾಡಬೇಕು. ಪಾಯದ ಹತ್ತಿರವಾದರೆ ನೆಲಮಟ್ಟಕ್ಕೆ ಕೊಯ್ದು, ಚಿಗುರಿದಾಗಲೆಲ್ಲ ಮುರಿಯುತ್ತ ಹೋಗಿ. ಕಾಂಗ್ರೆಸ್ ಕಸವನ್ನು ಹೂ ಬಿಡುವ ಮೊದಲೇ ಕೈಗವಸು ಹಾಕಿಕೊಂಡು ಬೇರುಸಹಿತ ಕೀಳಿ.

ಗೋಡೆಯಲ್ಲಿ, ಗುಮ್ಮಟದ ಮೇಲೆ ಹುಟ್ಟಿದ ಅರಳಿ, ಆಲ, ಅತ್ತಿಯ ವಿಷಯ ಬೇರೆಯೇ. ಅತಿ ಹೆಚ್ಚು ಹಾನಿ ಆಗುವುದು ಇಲ್ಲಿ. ಕಿರುಬೆರಳಿಗಿಂತ ಸಣ್ಣ ಸಸಿ ಮಳೆ ನಿಂತ ಮೇಲೆ ಮೆಲ್ಲಗೆ ಬಂದರೆ ತೆಗೆಯಬಹುದು. ಅದಕ್ಕಿಂತ ದಪ್ಪಗಿದ್ದರೆ ಎಳೆಯಬೇಡಿ. ಬೇರು ಕಲ್ಲಿನ ಸಂದಿಗೆ ಗಾರೆಯ ಬದಲಾಗಿ ಕೂತಿರುತ್ತದೆ, ಎಳೆದರೆ ಕಲ್ಲೇ ಕೈಗೆ ಬರುತ್ತದೆ. ಕಾಂಡವನ್ನು ಕೈಗರಗಸದಿಂದ ಗೋಡೆಯ ಮಟ್ಟಕ್ಕೆ ಕೊಯ್ದು ಬಿಟ್ಟು, ಚಿಗುರನ್ನು ಹದಿನೈದು ದಿನಕ್ಕೊಮ್ಮೆ ಚಿವುಟಿ. ಎರಡು ಮೂರು ವರ್ಷ ಹಿಡಿಯಬಹುದು. ತಾಳ್ಮೆ ಇಲ್ಲದವರು ಈ ಕೆಲಸಕ್ಕೆ ಕೈ ಹಾಕದಿರುವುದೇ ಲೇಸು. ಬುಡಕ್ಕೆ ಗ್ಲೈಫೋಸೇಟ್ ಎಂಬ ಕಳೆನಾಶಕ ಹಚ್ಚುವ ಸಲಹೆ ಹಲವರು ಕೊಡುತ್ತಾರೆ. 2022ರಲ್ಲಿ ಕೇಂದ್ರ ಸರ್ಕಾರ ಅದರ ಬಳಕೆಯನ್ನು ಪರವಾನಗಿ ಇರುವ ಕೀಟ ನಿಯಂತ್ರಣದವರಿಗೆ ಮಾತ್ರ ಸೀಮಿತಗೊಳಿಸಿತು. ಸ್ವಯಂಸೇವಕರು ಅದನ್ನು ಮುಟ್ಟಕೂಡದು. ಸೀಮೆಎಣ್ಣೆ ಸುರಿಯುವುದು, ಬೆಂಕಿ ಹಚ್ಚುವುದು ಇನ್ನೂ ಕೆಟ್ಟದ್ದು, ಕಾದ ಕಲ್ಲು ಪದರ ಪದರವಾಗಿ ಸೀಳುತ್ತದೆ.

ಎಚ್ಚರಿಕೆಯ ಗುರುತುಗಳು: ಕೊಯ್ಯುವಾಗ ಸಂದಿಯಿಂದ ಪುಡಿ ಉದುರುವುದು, ಕಲ್ಲು ಅಲುಗುವುದು, ಗೋಡೆಯ ಹೊಟ್ಟೆ ಮುಂದೆ ಬಂದಿರುವುದು. ಯಾವುದೇ ಒಂದು ಕಂಡರೂ ಎಲ್ಲರೂ ಹೊರಗೆ ಬನ್ನಿ, ಇಲಾಖೆಗೆ ತಿಳಿಸಿ.

ಹಂತ 7: ಕಲ್ಲನ್ನು ಮುಟ್ಟುವುದು ಎಷ್ಟು

ನಮ್ಮ ತಂಡದ ಮೊದಲ ವರ್ಷದ ತಪ್ಪು ಇನ್ನೂ ಕಣ್ಣ ಮುಂದಿದೆ. ಒಂದು ಬಾಗಿಲ ಕಂಬದ ಮೇಲೆ ಪಾಚಿ ಕಟ್ಟಿತ್ತು. ಒಬ್ಬ ಹುಡುಗ ತಂತಿ ಬ್ರಶ್ ಹಿಡಿದು ಶ್ರದ್ಧೆಯಿಂದ ಉಜ್ಜುತ್ತಿದ್ದ. ಹತ್ತು ನಿಮಿಷಕ್ಕೆ ಕಲ್ಲು ಬೆಳ್ಳಗಾಯಿತು, ಎಲ್ಲರೂ ಭೇಷ್ ಎಂದೆವು. ಕೆಳಗೆ ಅವನ ಕಾಲ ಬಳಿ ಬೂದು ಬಣ್ಣದ ಪುಡಿ ಬಿದ್ದಿತ್ತು. ಬೆರಳಲ್ಲಿ ತಿಕ್ಕಿ ನೋಡಿದೆ, ಅದು ಪಾಚಿಯಲ್ಲ, ಕಲ್ಲು. ಮೊದಲ ಫೋಟೊ ತೆಗೆದು ನೋಡಿದರೆ ಅಲ್ಲಿ ತೆಳುವಾದ ಬಳ್ಳಿಯ ಗೆರೆ ಇತ್ತು. ಈಗಿಲ್ಲ.

ಆದ್ದರಿಂದ ಕಲ್ಲಿನ ಜಾತಿ ತಿಳಿದುಕೊಳ್ಳಿ. ಶಹಾಬಾದ್, ಸೇಡಂ, ಚಿತ್ತಾಪುರ ಕಡೆಯದು ಸುಣ್ಣದಕಲ್ಲು. ಆ್ಯಸಿಡ್ ಇರಲಿ, ನಿಂಬೆಹುಳಿ ಬಿದ್ದರೂ ಅದು ಕರಗುತ್ತದೆ. ಬೀದರ್‌ನದು ಜಂಬಿಟ್ಟಿಗೆ, ತೂತು ತೂತಾದ ಮೆದು ಕಲ್ಲು, ನೀರು ರಭಸದಿಂದ ಬಿದ್ದರೆ ಕಿತ್ತು ಬರುತ್ತದೆ. ಕಲಬುರಗಿಯ ಕರಿಕಲ್ಲು, ಯಾದಗಿರಿ ಬೆಟ್ಟದ ಗ್ರಾನೈಟ್ ಗಟ್ಟಿ ನಿಜ, ಆದರೆ ಅವುಗಳ ಸಂದಿಯ ಸುಣ್ಣದ ಗಾರೆ ಗಟ್ಟಿಯಲ್ಲ. ನಾಲ್ಕಕ್ಕೂ ಒಂದೇ ನಿಯಮ: ಒಣ ನಾರಿನ ಬ್ರಶ್‌ನಿಂದ ಧೂಳು, ಬಿದಿರಿನ ಕಡ್ಡಿಯಿಂದ ಸಂದಿಯ ಸಡಿಲ ಮಣ್ಣು, ಅಲ್ಲಿಗೆ ಮುಗಿಯಿತು. ಪಾಚಿ, ಬಣ್ಣ, ಬರೆದ ಹೆಸರುಗಳನ್ನು ತೆಗೆಯುವುದು ಇಲಾಖೆಯ ರಸಾಯನಶಾಸ್ತ್ರದವರ ಕೆಲಸ.

ಬಿರುಕಿಗೆ ಸಿಮೆಂಟ್ ಮೆತ್ತಬೇಡಿ. ಹಳೆಯ ಗೋಡೆ ಒಳಗಿನ ತೇವವನ್ನು ಗಾರೆಯ ಮೂಲಕ ಹೊರಬಿಡುತ್ತದೆ. ಸಿಮೆಂಟ್ ಆ ದಾರಿ ಮುಚ್ಚುತ್ತದೆ. ತೇವ ಕಲ್ಲಿನ ಮೂಲಕವೇ ಹೊರಬರುತ್ತದೆ, ಜೊತೆಗೆ ಬಂದ ಉಪ್ಪು ಕಲ್ಲಿನ ಮುಖವನ್ನು ಉದುರಿಸುತ್ತದೆ. ಸಿಮೆಂಟ್ ಮಾತ್ರ ಗಟ್ಟಿಯಾಗಿ ನಿಂತು ಸುತ್ತಲಿನ ಕಲ್ಲು ಸವೆದಿರುವುದನ್ನು ನಮ್ಮ ಕಡೆ ಎಷ್ಟೋ ಗೋಡೆಗಳಲ್ಲಿ ನೋಡಬಹುದು. ಸುಣ್ಣ, ಮರಳು, ಇಟ್ಟಿಗೆ ಪುಡಿಯ ಗಾರೆ ಬಲ್ಲ ಗೌಂಡಿಯಿಂದ, ಒಪ್ಪಿಗೆ ಪಡೆದು ಮಾತ್ರ ದುರಸ್ತಿ ಆಗಬೇಕು.

ಹಂತ 8: ಬಾವಿಯ ಹೂಳು

ಜೀವಕ್ಕೆ ಅತಿ ಹೆಚ್ಚು ಅಪಾಯ ಇರುವ ಹಂತ ಇದು. ಇಲ್ಲಿ ನಿಧಾನವಾಗಿ ಓದಿ.

ಕೊಳೆತ ಹೂಳಿನಿಂದ ವಿಷಗಾಳಿ ಬರುತ್ತದೆ. ದೀಪ ಇಳಿಬಿಟ್ಟು ನೋಡುವ ಹಳೆಯ ಪದ್ಧತಿ ನಂಬಬೇಡಿ: ದೀಪ ಉರಿಯುತ್ತಿದ್ದರೂ ವಿಷಾನಿಲ ಇರಬಹುದು, ಉರಿಯುವ ಅನಿಲವಿದ್ದರೆ ಬೆಂಕಿಯೇ ಹೊತ್ತಬಹುದು. ಗ್ಯಾಸ್ ಅಳೆಯುವ ಉಪಕರಣ ಇರುವವರನ್ನು ಕರೆಸಿ, ಅಗ್ನಿಶಾಮಕ ದಳದವರ ಸಲಹೆ ಕೇಳಿ. ಕಿರಿದಾದ, ಮೆಟ್ಟಿಲಿಲ್ಲದ ಬಾವಿಗೆ ಸ್ವಯಂಸೇವಕರು ಇಳಿಯಲೇಬಾರದು. ಮೇಲೆ ತೆರೆದ, ಅಗಲ ಮೆಟ್ಟಿಲಿನ ಬಾವಿಗೆ ಇಳಿಯುವವರ ಸೊಂಟಕ್ಕೆ ಹಗ್ಗ, ಮೇಲೆ ಹಿಡಿಯಲು ಇಬ್ಬರು. ಒಳಗೆ ಒಬ್ಬರು ತಲೆಸುತ್ತಿ ಬಿದ್ದರೆ ಎತ್ತಲು ಇನ್ನೊಬ್ಬರು ಧುಮುಕಬಾರದು. ಇಂಥ ಸಾವುಗಳಲ್ಲಿ ಎರಡನೆಯವರು ಹೋಗುವುದು ಹೀಗೆಯೇ. ಡೀಸೆಲ್ ಪಂಪನ್ನು ಬಾವಿಯೊಳಗೆ ಇಳಿಸಬೇಡಿ, ಅದರ ಹೊಗೆ ಕೊಲ್ಲುತ್ತದೆ.

ನೀರನ್ನು ಒಂದೇ ದಿನದಲ್ಲಿ ಖಾಲಿ ಮಾಡುವುದು ಸಾಮಾನ್ಯ ತಪ್ಪು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಭಾರವಾಗಿರುತ್ತದೆ. ಬಾವಿಯೊಳಗಿನ ನೀರು ಆ ಭಾರಕ್ಕೆ ಎದುರು ನಿಂತು ಗೋಡೆಯನ್ನು ಹಿಡಿದಿರುತ್ತದೆ. ಎದುರಿನ ಆಸರೆ ಒಮ್ಮೆಲೇ ಹೋದರೆ ಗೋಡೆ ಒಳಕ್ಕೆ ಕುಸಿಯುತ್ತದೆ, ಎರೆಮಣ್ಣಿನಲ್ಲಂತೂ ಹೆಚ್ಚು. ದಿನಕ್ಕೆ ಒಂದೆರಡು ಅಡಿ ಇಳಿಸಿ, ರಾತ್ರಿ ಬಿಟ್ಟು, ಬೆಳಿಗ್ಗೆ ಗೋಡೆ ನೋಡಿ ಮುಂದುವರಿಯಿರಿ. ಹೊಸ ಬಿರುಕು, ಗೋಡೆಯಿಂದ ಕೆಸರು ನೀರು ಜಿನುಗುವುದು ಕಂಡರೆ ಪಂಪ್ ನಿಲ್ಲಿಸಿ.

ಹೂಳನ್ನು ಪುಟ್ಟಿಯಲ್ಲಿ ಎತ್ತಿ ಜರಡಿ ಹಿಡಿಯಿರಿ. ಮಡಕೆ ಚೂರು, ಕೆತ್ತಿದ ಕಲ್ಲು, ನಾಣ್ಯ, ಮೂರ್ತಿ ಸಿಕ್ಕರೆ ಕೆಲಸ ನಿಲ್ಲಿಸಿ, ಫೋಟೊ ತೆಗೆದು, ತಹಶೀಲ್ದಾರ್ ಮತ್ತು ಪುರಾತತ್ವ ಇಲಾಖೆಗೆ ಅದೇ ದಿನ ಬರಹದಲ್ಲಿ ತಿಳಿಸಿ. ಮೊದಲು ವಾಟ್ಸ್‌ಆ್ಯಪ್‌ಗೆ ಹಾಕಿದರೆ ಅದೇ ರಾತ್ರಿ ನಿಧಿಗಳ್ಳರು ಹಾರೆ ಹಿಡಿದು ಬರುತ್ತಾರೆ.

ಹಂತ 9: ಉದ್ಯಾನ

ಎಷ್ಟು ಸಸಿ ನೆಡಬೇಕು ಎನ್ನುವುದನ್ನು ಜಾಗವಲ್ಲ, ಬೇಸಿಗೆಯ ನೀರು ಹೇಳಬೇಕು. ಒಂದು ಸಸಿಗೆ ವಾರಕ್ಕೆ 15 ಲೀಟರ್ ಎಂದು ಹಿಡಿದರೆ 60 ಸಸಿಗೆ 900 ಲೀಟರ್. ಫೆಬ್ರುವರಿ ಎರಡನೆಯ ವಾರದಿಂದ ಮೇ ಕೊನೆವರೆಗಿನ 16 ವಾರಕ್ಕೆ 14,400 ಲೀಟರ್. ಅಂದರೆ 5,000 ಲೀಟರಿನ ಮೂರು ಟ್ಯಾಂಕರ್, ಅದನ್ನು ತುಂಬಿಡಲು ಡ್ರಮ್ಮು, ಹೊತ್ತು ಹಾಕಲು ಪಾಳಿಯ ಪ್ರಕಾರ ಜನ. ಈ ಮೂರಕ್ಕೂ ಹೆಸರು ಬರೆದಿಟ್ಟ ಮೇಲೆ ಸಸಿ ತನ್ನಿ. ಹೆಸರು ಬೀಳದಿದ್ದರೆ ಇಪ್ಪತ್ತೇ ನೆಡಿ.

ಸ್ಮಾರಕದ ಗೋಡೆಯಿಂದ ಕನಿಷ್ಠ 40-50 ಅಡಿ ಒಳಗೆ ಮರ ಬೇಡ, ಹುಲ್ಲುಹಾಸೂ ಬೇಡ. ಹುಲ್ಲಿಗೆ ಹಾಕುವ ದಿನದ ನೀರು ಪಾಯಕ್ಕೆ ಇಳಿದು ಗೋಡೆಯಲ್ಲಿ ಮೇಲೇರುತ್ತದೆ. ಎರೆಭೂಮಿಯಲ್ಲಿ ಮರದ ಬೇರು ತೇವ ಹೀರಿದರೆ ನೆಲ ಕುಗ್ಗಿ ಪಾಯವೇ ಕೂರುತ್ತದೆ. ಹತ್ತಿರದ ಭಾಗದಲ್ಲಿ ಮುರಂ ಹಾಸಿದ ಕಾಲುದಾರಿ ಸಾಕು, ಕಟ್ಟಡ ಕಾಣುವಂತೆ ಬಯಲು ಬಿಡಿ. ಆಚೆಗೆ ಬೇವು, ಹೊಂಗೆ, ಹುಣಸೆ, ಅಂಚಿಗೆ ಸೀತಾಫಲ. ಆಲ, ಅರಳಿಯನ್ನು ಈ ಜಾಗದಲ್ಲಿ ನೆಡಲೇಬೇಡಿ: ಹಕ್ಕಿಗಳು ಅದರ ಬೀಜವನ್ನು ನೇರ ಗುಮ್ಮಟಕ್ಕೆ ಒಯ್ಯುತ್ತವೆ.

ಗುಂಡಿಯನ್ನು ಏಪ್ರಿಲ್‌ನಲ್ಲಿ ತೋಡಿ ಬಿಸಿಲಿಗೆ ಬಿಡಿ. ಎರಡಡಿ ಉದ್ದ, ಅಗಲ, ಆಳ. ಎರೆಮಣ್ಣಾದರೆ ಅರ್ಧ ಎರೆ, ಉಳಿದರ್ಧ ಕೆಂಪು ಮಣ್ಣು ಮತ್ತು ಕಳಿತ ತಿಪ್ಪೆಗೊಬ್ಬರ ಬೆರೆಸಿ. ಸಸಿ ಮೂರಡಿಗಿಂತ ಎತ್ತರ ಇರಲಿ, ಪ್ರತಿಯೊಂದಕ್ಕೂ ಮುಳ್ಳಿನ ಬೇಲಿ. ಕಡಿದ ಜಾಲಿ ಮುಳ್ಳು ಇಲ್ಲಿ ಉಪಯೋಗಕ್ಕೆ ಬರುತ್ತದೆ.

ಪಾಲಿಕೆಯ ಜಾಗವಾದರೆ ಅದನ್ನು ಉದ್ಯಾನವೆಂದು ದಾಖಲೆಗೆ ಸೇರಿಸಲು ಅರ್ಜಿ ಕೊಡಿ. 1985ರ ಕರ್ನಾಟಕ ಉದ್ಯಾನ, ಆಟದ ಮೈದಾನ ಮತ್ತು ಬಯಲು ಜಾಗಗಳ ಸಂರಕ್ಷಣಾ ಕಾಯ್ದೆಯಡಿ ಪಟ್ಟಿಗೆ ಬಂದ ಉದ್ಯಾನವನ್ನು ಮುಂದೆ ಬೇರೆ ಉದ್ದೇಶಕ್ಕೆ ತಿರುಗಿಸುವುದು ಕಷ್ಟ.

ಹಂತ 10: ಎರಡು ಬೇಸಿಗೆ

ಮಾರ್ಚ್‌ನಲ್ಲಿ ಎರೆ ಬಿರಿಯುತ್ತದೆ. ನಾನು ಒಂದು ಬೇವಿನ ಸಸಿಯ ಪಕ್ಕ ಕೈ ಇಳಿಸಿ ನೋಡಿದ್ದೇನೆ, ಮಣಿಕಟ್ಟು ದಾಟಿ ಒಳಗೆ ಹೋಯಿತು, ಬೆರಳಿಗೆ ಒಣಗಿದ ಬೇರು ಸಿಕ್ಕಿತು. ಬಿರುಕಿನಲ್ಲಿ ಬಿಸಿಗಾಳಿ ಆಡಿ ಬೇರನ್ನೇ ಸುಟ್ಟಿತ್ತು. ಮೇಲಿಂದ ಎಷ್ಟು ನೀರು ಹಾಕಿದರೂ ಬಿರುಕಿನಲ್ಲಿ ಇಳಿದು ಹೋಗುತ್ತದೆ. ಆದ್ದರಿಂದ ನೀರು ಹಾಕುವ ಮುನ್ನ ಖುರ್ಪಿಯಿಂದ ಬುಡದ ಮಣ್ಣು ಸಡಿಲಿಸಿ ಬಿರುಕು ಮುಚ್ಚಿ, ಆಮೇಲೆ ನೀರು, ಅದರ ಮೇಲೆ ನಾಲ್ಕು ಬೆರಳು ದಪ್ಪ ಒಣ ಬೇವಿನ ಎಲೆಯ ಹೊದಿಕೆ. ತೊಗರಿ ಹೊಟ್ಟು ಸುಲಭವಾಗಿ ಸಿಗುತ್ತದೆಂದು ಹಾಕಬೇಡಿ, ಅದನ್ನು ತಿನ್ನಲು ಬಂದ ಆಡು ಸಸಿಯನ್ನೂ ಮೇಯುತ್ತದೆ. ಹೊದಿಕೆ ಕಾಂಡಕ್ಕೆ ತಾಗದಿರಲಿ, ಗೆದ್ದಲು ಹತ್ತುತ್ತದೆ.

ಎಲೆ ಬೆಳಿಗ್ಗೆಯೂ ಬಾಡಿದ್ದರೆ ನೀರು ಸಾಲುತ್ತಿಲ್ಲ. ಸಂಜೆ ಮಾತ್ರ ಬಾಡಿ ಬೆಳಿಗ್ಗೆ ಎದ್ದು ನಿಂತರೆ ಚಿಂತೆಯಿಲ್ಲ. ಮಳೆಗಾಲದಲ್ಲಿ ಎಲೆ ಹಳದಿಯಾದರೆ ಗುಂಡಿಯಲ್ಲಿ ನೀರು ನಿಂತಿದೆ, ಬದಿಗೆ ಸಣ್ಣ ದಾರಿ ಬಿಡಿಸಿ.

ಎರಡನೆಯ ಬೇಸಿಗೆಗೆ ಹದಿನೈದು ದಿನಕ್ಕೊಮ್ಮೆ ನೀರು ಸಾಕು, ಆದರೆ ಒಮ್ಮೆಗೆ ಎರಡು ಕೊಡ. ಜೂನ್‌ನಲ್ಲಿ ಸತ್ತ ಸಸಿಗಳ ಜಾಗದಲ್ಲಿ ಹೊಸದು ನೆಡಿ. ಅದೇ ದಿನ ಕೈನಕ್ಷೆ ತೆಗೆದುಕೊಂಡು 1ನೇ ಗುರುತಿನಲ್ಲಿ ನಿಂತು ಫೋಟೊ ತೆಗೆಯಿರಿ, ಆಮೇಲೆ 2, ಆಮೇಲೆ 3.